ಎರಡು ತಾಸು ಬಯಲು

ಜಮಖಂಡಿಯ ಕಣ್ಣಿನ ಡಾಕ್ಟರು
ಬನಶಂಕರಿಯ ಚಸಮಾ ತಗದು, ಹಾಕಿ, ಮತ್ತ ತಗದು,
ಚೀಟಿ ಮ್ಯಾಲ ಒಂದ ಸಾಲು ಬರದರು:
ದಿನಕ್ಕ ಎರಡು ತಾಸು ಬಯಲು.

ಔಷಧ ಅಂಗಡ್ಯಾಂವ ಚೀಟಿ ತಿರುವಿ ನೋಡಿ
"ಇದು ನಮ್ಮಲ್ಲಿ ಸಿಗೂದಿಲ್ಲರಿ" ಅಂದ.
ಮನ್ಯಾಗ ಸುವರ್ಣಿ ನಕ್ಕಳು:
"ಮುನ್ನೂರು ರೂಪಾಯಿ ಕೊಟ್ಟು
ನಮ್ಮ ಹಿತ್ತಲದ ಹಿಂದಿಂದು ನಮಗ ಬರಸ್ಕೊಂಡು ಬಂದ್ರಿ."

ರಬಕವಿಯ ಈ ಓಣ್ಯಾಗ ಹುಟ್ಟಿ ನಲವತ್ತೊಂದು ವರ್ಷ,
ಹಿತ್ತಲದ ಹಿಂದ ಏನೈತಿ ಅಂತ ನೋಡಿ ಎಷ್ಟು ದಿನಾತು?
ನನ್ನ ಆಕಾಶ ಹನ್ನೆರಡು ತಗಡು,
ಅದರಾಗ ಒಂದು ಪ್ಲಾಸ್ಟಿಕ್, ಬೆಳಕಿಗಂತ ಹಾಕಿದ್ದು.
ಕರೆಂಟು ಇರೂತನಕ ನಾಲ್ಕು ಮಗ್ಗ ಖಟ್‌ಖಟ,
ಹೋದಮ್ಯಾಲ ಕಿವ್ಯಾಗ ಖಟ್‌ಖಟ.
ಆಕಿ ನೂಲಿನ ಮೂಟಿ ಮ್ಯಾಲ ಕುಂತು
ಮೂಗಿಗೆ ಫೋನು, ತೊಡಿ ಮ್ಯಾಲ ಕುರಕುರಿ ಪಾಕೀಟು,
ಗದ್ದಲಿಲ್ಲ, ಹಟ ಇಲ್ಲ.
ಶಾಣ್ಯಾ ಹುಡುಗಿ ಅಂತಿದ್ದೆ.
ಫೋನು ಕೊಟ್ಟಾಂವ ನಾನ.

ಮೊದಲ ದಿನ ಹೊಳಿ ಕಡೆ ಹೊಂಟ್ವಿ,
ಕಬ್ಬಿನ ಟ್ರ್ಯಾಲಿ ಹಾದಿ ಬಿಟ್ಟು ಕಾಲುದಾರಿ.
"ಎಷ್ಟಾತು?" "ಹತ್ತು ಮಿನಿಟು."
"ಈಗೆಷ್ಟು?" "ಹನ್ನೊಂದು."
ನನಗೂ ತೇಕು. ಹೇಳಲಿಲ್ಲ.
ಬಾರಿ ಗಿಡದ ಬುಡಕ ಇಬ್ಬರೂ ಕುಂತು
ಗಡಿಯಾರ ನೋಡಿ ನೋಡಿ ಎರಡು ತಾಸು
ಕಷಾಯ ಕುಡದಂಗ ಕುಡದ್ವಿ.

ಸುವರ್ಣಿ ಉಪದೇಶ ಮಾಡಲಿಲ್ಲ. ಪಾಕೀಟು ತರೂದು ಬಿಟ್ಟಳು.
ಅರಿವ್ಯಾಗ ನಾಲ್ಕು ರೊಟ್ಟಿ, ಅಗಸಿ ಹಿಂಡಿ, ಒಂದು ಸವತಿಕಾಯಿ.
ಮನ್ಯಾಗ ಒಲ್ಲೆ ಅನ್ನೂ ರೊಟ್ಟಿ
ಬದುವಿನ ಮ್ಯಾಲ ಕುಂತ್ರ ಎಲ್ಲಿ ಹೋತೋ!
ನನ್ನ ಪಾಲಿಂದೂ ಮುರಕೊಂಡಳು.

ಹೋಳಿ ಹುಣ್ಣಿವಿ ಹಿಂದ-ಮುಂದ ಇರಬೇಕು,
ಹರಳಗಲ್ಲಿನ ಮಡ್ಡಿ ದಾಟೂ ಹೊತ್ತಿಗೆ
ಚೀರಿದಳು: "ಅಪ್ಪಾ, ಕಾಲು ಇಡಬ್ಯಾಡ!"
ಎತ್ತಿದ ಕಾಲು ಎತ್ತಿದಂಗ, ಕೊಕ್ಕರಿಯಂಗ ನಿಂತೆ.
ಕಲ್ಲು. ಬರೇ ಕಲ್ಲು. ನನಗೇನೂ ಕಾಣವಲ್ದು.
ಆಕಿ ಕುಕ್ಕರಗಾಲಿಲೆ ಕುಂತು ಬೆರಳು ಮಾಡಿದಳು.
ಕಲ್ಲಿನ ನಡುವ ನಾಲ್ಕು ಕಲ್ಲು
ಕಲ್ಲಲ್ಲ:
ಮಣ್ಣಿನ ಬಣ್ಣ, ಮ್ಯಾಲ ಮಸಿ ಸಿಡದಂಗ ಚುಕ್ಕಿ.
ನೆತ್ತಿ ಮ್ಯಾಲ ಒಂದು ಹಕ್ಕಿ ನಮ್ಮನ್ನ ಬೈಕೋತ ತಿರಗತಿತ್ತು.
ಟಿಟ್ಟಿಬ ಅಂತ ಅದರ ಹೆಸರು,
ಕುರಿ ಕಾಯೂ ಹಾಲಪ್ಪ ಆಮ್ಯಾಲ ಹೇಳಿದ.

ನೂಲಿನ ಒಂದೆಳಿ ಹರದ್ರ
ಹತ್ತು ಮಾರು ಆಚಿಂದ ಹಿಡಿಯೂ ಕಣ್ಣು ನಂದು.
ಅಂದು ಆಕಿ "ಎಷ್ಟಾತು" ಅಂತ ಕೇಳಲಿಲ್ಲ.

ಮರುದಿನ ತತ್ತಿ ನೋಡಾಕ ತಸ್ಲೀಮಾ ಬಂದಳು,
ಆಕಿ ತಮ್ಮ, ಕಂಡಕಿ ಸುತ್ತೂ ಈರವ್ವನ ಮೊಮ್ಮಗ.
ದೂರ ಕುಂತು ನೋಡಬೇಕು, ಉಸುರು ಸಣ್ಣಗ,
ಕಾಯದೆ ನಮ್ಮ ಬನ್ನಿದು.
ಮರಿ ಎದ್ದು ಹೋದವು, ಹುಡುಗರು ಹೋಗಲಿಲ್ಲ.
ಲಗೋರಿ, ಚಿಣಿಪಣಿ, ಬಿದ್ದು ಎದ್ದು ಮತ್ತ ಓಟ.
ಒಂದಿನ ಚಿಣಿ ನಾನೂ ಹೊಡದೆ.
ಮೂರು ದಿನ ರಟ್ಟಿ ನೋವು,
ಮಗ್ಗದ ನೋವಲ್ಲ ಅದು, ಬ್ಯಾರೆ ನಮೂನಿ,
ಮುಟ್ಟಿಕೊಂಡ್ರ ನಗು ಬರತಿತ್ತು.

ಶ್ರಾವಣದಾಗ ಮತ್ತ ಜಮಖಂಡಿ.
"ನಂಬರು ಇಳದಿಲ್ಲ," ಅಂದರು. ತಡದು, "ಏರಿಲ್ಲ."
ಬಸ್ಸಿನ್ಯಾಗ ಕಿಡಕಿ ಕಡೆ ಕುಂತು ಆಕಿ
ಹೊಲದ ಗಿಡಕ್ಕೆಲ್ಲಾ ಹೇಳಿಕೋತ ಬಂದಳು: ಏರಿಲ್ಲ, ಏರಿಲ್ಲ.

ನಿನ್ನಿ ಸಂಜಿ ಮಳಿ ಹಣಿಕಿ ಹೋಗಿತ್ತು.
ಹೊಳಿಯಿಂದ ಓಡಿ ಬಂದಾಕಿ ಅದ ರಭಸಲೆ ಒಳಗ,
ಮಡಚಿಟ್ಟ ಸೀರಿ ಮ್ಯಾಲ ಎರಿಮಣ್ಣಿನ ಪಾದ,
ಐದೂ ಬೆರಳು, ಅಚ್ಚು ಹಾಕಿದಂಗ.
ಸೇಠ ಇದನ್ನ ಒಲ್ಲೆ ಅಂತಾನ. ಎರಡು ದಿನದ ದುಡಿಮಿ.
ಬಾಯಿಗೆ ಬಂದ ಮಾತು ಹಲ್ಲಿನ್ಯಾಗ ಹಿಡದೆ.
ಸುವರ್ಣಿ ಸೀರಿ ಬೆಳಕಿಗೆ ಹಿಡದು
ಆ ಕಡೆ ಈ ಕಡೆ ತಿರುವಿ ನೋಡಿ
"ಇದು ನನಗಿರಲಿ," ಅಂದಳು.
"ನಾಳಿಂದ ನಾನೂ ಬರ್ತೀನಿ. ಉಡಾಕ ಒಂದು ಬೇಕು."