ನಡುವಿನ ಗೋಲ

ಕಲಬುರಗಿಯಿಂದ ಏಳೂವರೆ ಬಸ್ಸಿಗೆ
ತೊಡೆಯ ಮೇಲೆ ರಟ್ಟಿನ ಡಬ್ಬಿ ಇಟ್ಟುಕೊಂಡು
ಶಹಾಬಾದಿಗೆ ಬಂದಿಳಿದೆ.
ಒಳಗೆ ನೂರಾಹತ್ತು ಹಾಳೆ, ಒಂದೊಂದರಲ್ಲಿ ಅರವತ್ತು ಪ್ರಶ್ನೆ,
ಪ್ರಶ್ನೆಗೆ ಐದೈದು ಗೋಲ:
ಪೂರಾ ಹೌದು, ಹೌದು, ಗೊತ್ತಿಲ್ಲ, ಅಲ್ಲ, ಬಿಲ್ಕುಲ್ ಅಲ್ಲ.
ಪೆನ್ಸಿಲಿನಿಂದ ಕಪ್ಪು ಮಾಡಿದರೆ ಸಾಕು,
ಯಾರು ಏನಾಗಬೇಕೆಂದು ಯಂತ್ರ ಹೇಳುತ್ತದೆ.
ನನಗೆ ಹಾಳೆಗೆ ಒಂಬತ್ತು ರೂಪಾಯಿ.

ಮಾರ್ಚ್ ತಿಂಗಳು. ಮೇಲೆ ತಗಡು ಕಾದಿದೆ,
ಕೆಳಗೆ ಇದೇ ಊರಿನ ಪರಸಿ, ತಣ್ಣಗೆ.

"ಅಪರಿಚಿತರೊಡನೆ ಸುಲಭವಾಗಿ ಬೆರೆಯುತ್ತೀರಾ?"
ಗಟ್ಟಿಯಾಗಿ ಓದಿದೆ.
"ಮೇಡಂ, ಅಪರಿಚಿತರು ಅಂದ್ರ ಯಾರ್ರಿ?
ನಮ್ಮ ಓಣ್ಯಾಗ ಎಲ್ಲಾರೂ ಗೊತ್ತಿದ್ದವರೇ ಅದಾರ."
"ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲವಿದೆಯೆ?"
"ಅದಾರಿ. ನಾ ಯಂತ್ರ ಬಿಚ್ಚಿದ್ರ ಅಪ್ಪ ಬೆಲ್ಟ್ ಬಿಚ್ತಾನ್ರಿ."
"ವಾರಾಂತ್ಯದಲ್ಲಿ ಒಬ್ಬರೇ ಇರಲು ಬಯಸುತ್ತೀರಾ?"
ಈ ಸಲ ಯಾರೂ ಏನೂ ಕೇಳಲಿಲ್ಲ,
ಮಗ್ಗುಲಲ್ಲಿದ್ದವರ ಹಾಳೆ ನೋಡಿ ತುಂಬಿದರು.

ಹಾಗಂತ ಯಂತ್ರ ಸುಳ್ಳೆನ್ನಲಾರೆ.
ಹೋದ ವರ್ಷ ಚಿತ್ತಾಪುರದಲ್ಲಿ ಬೀರಲಿಂಗ,
ಹಾಜರಿಗೂ ಬಾಯಿ ಬಿಡದ ಹುಡುಗ.
ಅವನ ಫಲಿತಾಂಶ: ಶುಶ್ರೂಷೆ, ತೊಂಬತ್ತೊಂದು.
ಹಿಂದಿನ ಬೆಂಚು ನಕ್ಕಿತು, ನರಸಮ್ಮ ನರಸಮ್ಮ ಎಂದಿತು.
ಅವನು ಮಾತ್ರ ನೆಲ ನೋಡುತ್ತ,
"ಆಯಿಗೆ ಸಕ್ಕರಿ ಬ್ಯಾನಿ ಅದಾರಿ. ಎರಡೂ ಹೊತ್ತು ಸೂಜಿ ನಾನೇ ಕೊಡ್ತೀನಿ.
ನೀ ಚುಚ್ಚಿದ್ದೇ ಗೊತ್ತಾಗಲ್ಲ ಅಂತಾಳ."
ಎರಡು ವರ್ಷದ ಪಾಠದಲ್ಲಿ ನಾವ್ಯಾರೂ ಕೇಳಿರಲಿಲ್ಲ ಅದನ್ನ.
ಅರವತ್ತು ಗೋಲ ಕೇಳಿದ್ದವು.

ನನಗೂ ಒಮ್ಮೆ ಹೇಳಿತ್ತು,
ಸೂಪರ್ ಮಾರ್ಕೆಟ್ಟಿನ ಮಾಳಿಗೆ ಕೋಣೆಯಲ್ಲಿ, ಮುನ್ನೂರು ಇಸಿದುಕೊಂಡು:
ನಕಾಶೆ ಬರೆಯುವ ಕೈ, ಮಂದಿ ಕಡಿಮೆ ಇರುವ ಕೆಲಸ.
ಆ ಕಾಗದ ಮಸಾಲಿ ಡಬ್ಬಿಯ ತಳದಲ್ಲಿ ಹಾಸಿದೆ.
ದಿನವೂ ನೂರು ಮಂದಿ ಮುಂದೆ ಮಾತಾಡುತ್ತೇನೆ.
ಗಂಟಲು ಒಣಗುತ್ತದೆ, ಅಷ್ಟೆ.

ಹನ್ನೆರಡೂವರೆಗೆ ಹಾಳೆ ಎಣಿಸುವಾಗ ಸಿಕ್ಕಿತು
ಖಾಜಾಬಿಯದು.
ಅರವತ್ತಕ್ಕೆ ಅರವತ್ತೂ ನಡುವಿನ ಗೋಲ.
ಮೇಲಿಂದ ಕೆಳಗೆ ಕಪ್ಪಿರುವೆಯ ಒಂದೇ ಸಾಲು.
ಯಂತ್ರ ಇಂಥದನ್ನು ಉಗುಳುತ್ತದೆ, ಆ ಒಂಬತ್ತು ರೂಪಾಯಿಯೂ ಖೋತಾ.

ಕರೆದೆ. "ಯಾಕವ್ವಾ, ಓದಲಿಲ್ಲೇನು?"
"ಓದೀನ್ರಿ. ನನಗ ಗೊತ್ತಿದ್ದದ್ದು ಒಂದೂ ಕೇಳಿಲ್ಲ ಇದರಾಗ."
"ನಿನಗೇನು ಗೊತ್ತು?"

ನನ್ನ ಮುಖ ನೋಡಲಿಲ್ಲ. ಪಾದ ನೋಡಿದಳು.
"ನೀವು ನಿಂತೀರಲ್ರಿ, ಆ ಪರಸಿ ಕೆಳಗ ಪೊಳ್ಳದಾ."
ಚಪ್ಪಲಿ ಬಿಟ್ಟು ಬಂದು ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿದಳು. ಧಪ್.
ಮಗ್ಗುಲ ಕಲ್ಲಿಗೆ ಟಣ್.
ಅದರಾಚೆಯದಕ್ಕೂ ಟಣ್. ಮತ್ತೆ ಇದಕ್ಕೆ, ಧಪ್.
"ಮಾಮು ಖಣಿಯಾಗ ಸುತ್ತಿಗಿಲೆ ಬಡದು ಹೇಳ್ತಾನ,
ಎಲ್ಲಿ ಪದರ ಬಿಡತದ, ಎಲ್ಲಿ ಬಿಡಲ್ಲ ಅಂತ.
ನನಗ ಕಾಲಿಗೇ ತಿಳೀತದ.
ಹೆಣ್ಮಕ್ಕಳಿಗೆ ಖಣಿಗೆ ಬಿಡಲ್ರಿ, ಅದಕ್ಕ
ಮನ್ಯಾಗ, ಸಾಲ್ಯಾಗ, ದರ್ಗಾದ ಕಟ್ಟಿ ಮ್ಯಾಲ
ಸುಮ್ನ ನಡದು ನೋಡ್ತೀನಿ."

ಪ್ರಶ್ನೆಗಳನ್ನು ಮತ್ತೊಮ್ಮೆ ತಿರುವಿದೆ.
ಹದಿನೇಳನೆಯದು ಸಂಗೀತದ ಕಿವಿ ಕೇಳುತ್ತದೆ.
ಮೂವತ್ತೊಂದು, ಹೊರಾಂಗಣದ ಕೆಲಸ.
ಅಂಗಾಲಿನದು ಎಲ್ಲೂ ಇರಲಿಲ್ಲ.

ಮೂವತ್ತೊಂದನ್ನು ಅವಳಿಂದ ಅಳಿಸಿ ತುಂಬಿಸಿದೆ: ಪೂರಾ ಹೌದು.
ಹೇಳಿಕೊಡಬಾರದೆಂದು ನಿಯಮವಿದೆ.
ಭೂವಿಜ್ಞಾನದ ಡಿಗ್ರಿ ಎಲ್ಲೆಲ್ಲಿದೆಯೆಂದು ಕೇಳಲು
ಬಸ್ ನಿಲ್ದಾಣದಿಂದ ಮೂರು ಫೋನು ಮಾಡಿದೆ.
ಎರಡು ಎತ್ತಲಿಲ್ಲ, ಮೂರನೆಯವರು ಕೇಳಿದರು:
"ಹುಡುಗಿ ಅಂಕ ಎಷ್ಟು?"

ಜೂನಿನಲ್ಲಿ ನಲ್ಲಿಯ ಪೈಪಿಗೆಂದು ಆ ಕೋಣೆ ಅಗೆದರಂತೆ.
ಜವಾನ ಲಾಡ್ಲೇಸಾಬ ಹೇಳಿದ:
ಆ ಕಲ್ಲಿನಡಿ ಇಲಿಬಿಲ, ಮೊಳದಷ್ಟು ಆಳ,
ಒಳಗೆ ಮೂರು ಚಾಕ್‌ಪೀಸು, ಒಂದು ಮೋಟು ಪೆನ್ಸಿಲ್ಲು.

ಅಂದಿನಿಂದ ಎಲ್ಲಿ ಹೋದರೂ
ಹಾಳೆ ಹಂಚುವ ಮುಂಚೆ ಚಪ್ಪಲಿ ಬಿಟ್ಟು
ಒಂದು ಸುತ್ತು ನಡೆಯುತ್ತೇನೆ.
ನನಗೇನೂ ಕೇಳಿಸುವುದಿಲ್ಲ.
ಹುಡುಗರು ನಗುತ್ತಾರೆ. ಒಬ್ಬರಿಬ್ಬರು
ನಗದೆ, ತಮ್ಮ ಕಾಲು ನೋಡಿಕೊಳ್ಳುತ್ತಾರೆ.