ಅಡಿಗೆರೆ

ಹರ್ಗೀಸಾದಲ್ಲಿ ಕರೆಂಟು ಬಂದದ್ದೇ ತಡ
ಇಲ್ವಾದ್ ಫೈಲುಗಳ ಮನೆ ಗುಡಿಸಲು ಕೂತಳು.
ಗುಂಡಿ, ಬಣ್ಣ, ಕಾಟ್ಲಿನ್ ಎಲ್ಲ ಅಟ್ಟಕ್ಕೆ;
ಒಂಟೆಹಾಲಿನ ಲೆಕ್ಕ, ಸಿ ಪ್ಲಸ್ ಪ್ಲಸ್, ಕೆಳಗೆ.
ಮೇಲಿನದೊಂದು ಫೈಲನ್ನು ಮಾತ್ರ
‘ಹಾಲು’ ಫೋಲ್ಡರಿನಿಂದ ಎತ್ತಿ ‘ಸಂತೆ’ಯಲ್ಲಿಟ್ಟಳು.

ಕಂಪೈಲರ್ ಚಕಾರವೆತ್ತಲಿಲ್ಲ.
ಫೋನಿನಲ್ಲಿ ಮೂರು ಲೀಟರ್ ಎಂದು ಒತ್ತಿದಳು, ಆ್ಯಪ್ ಕುಸಿಯಿತು.
ಮೇಲಿನಿಂದ ಕೂಗಿದರೆ
ಆ ಹೆಸರಿನವರು ಇಲ್ಲಿಲ್ಲ ಅಂದಿತು ಕೆಳಗಿನ ಕತ್ತಲು.

ಹೆಸರೋ, ಮಾರುದ್ದ:
ಮೊದಲಿಗೆ ಜಾವಾ,
ಈ ಕಚೇರಿಯಲ್ಲಿ ಈಗ ಯಾರೂ ಬರೆಯದ, ಆದರೂ ಬಿಡಲಾಗದ ಮುತ್ತಜ್ಜ;
ಅಡಿಗೆರೆ, ಊರು, ಅಡಿಗೆರೆ, ಕೇರಿ,
ಅಡಿಗೆರೆ, ಮನೆ, ಕೊನೆಗೆ ತಾನು.
ಕೇರಿ ಬದಲಾದರೂ
ಹಳೆಯ ವಿಳಾಸವನ್ನೇ ಒಪ್ಪಿಸುತ್ತ ಕೂತಿದೆ.

ಆರು ವರ್ಷದವಳಿದ್ದಾಗ ಅಜ್ಜಿ ದಹಬೊ
ಹಾಲಿನ ಚೊಂಬನ್ನು ಬೆನ್ನ ಹಿಂದೆ ಹಿಡಿದು ಕೇಳುತ್ತಿದ್ದಳು:
ನೀನು ಯಾರ ಮಗಳು? ಅವನು ಯಾರ ಮಗ? ಅವನು?
ಹದಿನಾರನೆಯ ಅಜ್ಜನವರೆಗೆ.
ಒಬ್ಬ ತಪ್ಪಿದರೆ ಮತ್ತೆ ಮೊದಲಿಂದ.
ಬಾವಿಕಟ್ಟೆಯಲ್ಲಿ ನಿನ್ನ ಗುರುತು ಹಿಡಿಯೋರು ಬೇಡವೇ ಹುಡುಗಿ?

ಹದಿನಾರು ಹೆಸರಲ್ಲಿ
ಕೇಳುತ್ತಿದ್ದವಳ ಹೆಸರಿರಲಿಲ್ಲ.

ಇಲ್ವಾದ್ ‘ಸಂತೆ’ಯನ್ನು ಅಳಿಸಿದಳು,
ಫೋಲ್ಡರಿಗೆ ‘ದಹಬೊ’ ಎಂದು ಹೆಸರಿಟ್ಟಳು.
ಕೆಳಗಿನ ಹದಿನಾಲ್ಕು ಹೆಸರುಗಳನ್ನೂ
ಒಂದೊಂದಾಗಿ, ಕೈಯಾರೆ, ತಿದ್ದಿದಳು.

ಬೆಳಿಗ್ಗೆ ಗೂಲೇದ್ ಬಂದು ಕೇಳಿದ,
ಇದೇನಿದು ದಹಬೊ? ಒಳಗೇನಿದೆ?
ಹಾಲಿನ ಲೆಕ್ಕ, ಅಂದಳು,
ಜಾಗ ಬದಲಿಸಬೇಡ.