ಪರಿಹಾರಕ್ಕೊಂದು ಫೋಟೋ

ಶಿವರಾತ್ರಿ ಮುಗಿದು ನಾಲ್ಕು ದಿನ.
ನಾಲೆಯ ಆಚೆ, ಗಂಗಾವತಿಯ ಬದಿಗೆ,
ಎರಡನೇ ಬೆಳೆಯ ಭತ್ತ ಮೊಣಕಾಲುದ್ದ.
ಈಚೆ ಅದೇ ಗಾಳಿ
ಒಣಹುಲ್ಲಿನೊಳಗೆ ಹೊಕ್ಕು
ಹಳೇ ಪತ್ರಿಕೆ ಮಡಚಿದಂತೆ ಸದ್ದು ಮಾಡುತ್ತದೆ.
ಬೈಕು ಬಂಕಾಪುರದ ದಾರಿಯಲ್ಲೇ ಬಿಟ್ಟು,
ಲೆನ್ಸಿಗೆ ಅವ್ವನ ಹರಿದ ಸೆರಗು ಸುತ್ತಿ
(ಅದೂ ಮಣ್ಣಿನ ಬಣ್ಣದ್ದೇ, ಅದಕ್ಕೇ ಕೇಳಿ ತಂದದ್ದು)
ಕವಳಿ ಪೊದೆಯ ಕೆಳಗೆ ಬೋರಲು ಮಲಗಿದೆ.

ನಿನ್ನೆ ಕಾರಟಗಿಯಲ್ಲಿ ಮದುವೆ.
ಎಂಟುನೂರು ಫೋಟೋ, ಎಲ್ಲದರಲ್ಲೂ ಹಲ್ಲು.
ಇವತ್ತು ಯಾರಿಗೂ ನಗ್ರಿ ಅನ್ನಬೇಕಿಲ್ಲ.

ಮೊದಲು ಬಂದದ್ದು ಟಿಟ್ಟಿಭ.
ನನ್ನ ಕಂಡದ್ದೇ ತಡ
ಕೌಜುಗ, ಮೊಲ, ಉಡ, ಓತಿಕ್ಯಾತ ಎಲ್ಲರಿಗೂ
ಡಂಗುರ ಸಾರಿಬಿಟ್ಟಿತು.
ಅರ್ಧ ತಾಸು ಬರೀ ಬಂಡೆ ತೆಗೆದೆ.
ಈ ಹೊತ್ತಿನ ಬೆಳಕಿನ ಆಯುಷ್ಯ ಹದಿನೈದು ನಿಮಿಷ;
ಆಮೇಲೆ ಬಂಡೆ ಬರೀ ಬಂಡೆ.

ಬೇವು ಅರ್ಧ ಉದುರಿ, ಅರ್ಧ ತಾಮ್ರ.
ಕಾರೆಗಿಡದಲ್ಲಿ ಮುಳ್ಳೇ ಚಿಗುರಿದ ಹಾಗೆ.
ನಮ್ಮ ಕಡೆ ವಸಂತ ಎಂದರೆ ಇಷ್ಟೇ:
ಬೆಳಕು ಒಂದು ಸ್ಟಾಪ್ ಇಳಿಸಿದರೆ ಕಾಣುತ್ತದೆ,
ಏರಿಸಿದರೆ
ಬಿಳುಪಿನಲ್ಲಿ ಕರಗಿ ಹೋಗುತ್ತದೆ.

ಆಮೇಲೆ ಕಿವಿ.
ಎರಡೇ ಕಿವಿ, ಹುಲ್ಲಿನ ಮೇಲೆ,
ಹುಲ್ಲಿನದೇ ಬಣ್ಣ.
ಗಾಳಿ ನನ್ನ ಕಡೆಗಿತ್ತು, ಪುಣ್ಯ.
ತೋಳ ಬಂದಳು. ಬಾಯಲ್ಲಿ ಕುರಿಮರಿ,
ಅದರ ಕೊರಳಲ್ಲಿ ನೀಲಿ ಉಣ್ಣೆಯ ದಾರ.
ಆನೆ ಮಲಗಿದಂಥ ಬಂಡೆಯ ಬುಡದಿಂದ
ಒಂದು, ಎರಡು, ತಡೆದು ಇನ್ನೆರಡು
ಮಣ್ಣುಂಡೆಗಳು ಉರುಳಿ ಬಂದವು.
ಹನ್ನೊಂದು ಸಲ ಒತ್ತಿದೆ.
ಉಸಿರು ಬಿಟ್ಟ ನೆನಪಿಲ್ಲ.

ಒಂಬತ್ತಕ್ಕೆ ಗ್ಯಾನಪ್ಪ ಸಿಕ್ಕ, ಹಿಂಡಿನ ಸಮೇತ.
‘ನಸುಕಿನ್ಯಾಗ ಒಂದು ಹೋತು’ ಎಂದ.
ಹೋದ ತಿಂಗಳು ಎರಡು ಹೋಗಿದ್ದವಂತೆ.
‘ಆಫೀಸಿನ್ಯಾಗ ಕೇಳಿದ್ರ ಫೋಟೋ ತಾ ಅಂತಾರ.
ಫೋಟೋ ಇಲ್ದ ಕುರಿ ಸತ್ತೇ ಇಲ್ಲಂತ.’

ಬಿಸಿಲಿಗೆ ಪರದೆ ಕಾಣಲಿಲ್ಲ.
ಅವನೇ ಕಂಬಳಿ ಎತ್ತಿ ನಮ್ಮಿಬ್ಬರ ತಲೆಯ ಮೇಲೂ ಹಾಕಿದ.
ಒಳಗೆ ಕುರಿಯ ವಾಸನೆ, ಬೀಡಿಯ ವಾಸನೆ,
ನಮ್ಮಪ್ಪನ ಡಾರ್ಕ್‌ರೂಮಿನ ಕತ್ತಲೆ,
ನಡುವೆ ಅಂಗೈಯಷ್ಟು ಬೆಳಕು.
ಬೆರಳು ತಾಗಿ ಚಿತ್ರ ದೊಡ್ಡದಾಯಿತು:
ಎಣಿಸಬಹುದಾದ ಪಕ್ಕೆಲುಬು,
ಜೋತುಬಿದ್ದ ಮೊಲೆ.
‘ಮರಿ ಎಷ್ಟದಾವ್ರಿ?’
ನಾಲ್ಕು ಎಂದೆ.
‘ಇದರ ಬಾಯಾಗ ಮಣ್ಣ ಹಾಕ’ ಎಂದು ಬೈದ,
ಅದರ ಅವ್ವನನ್ನು, ಅವ್ವನ ಅವ್ವನನ್ನು,
ಬೈದು ಬೈದು ದಣಿದು
‘ಹೊಟ್ಟಿ ತುಂಬಿತ್ತೇನು?’ ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ನಾನು
ಕಣ್ಣಿಗೆ ಫೋಕಸ್ ಕೂತಿದೆಯೇ ಎಂದಷ್ಟೇ ನೋಡಿದ್ದೆ.

ಸಂಜೆಗೇ ಪ್ರಿಂಟು ಹಾಕಿಕೊಡುತ್ತೇನೆ ಎಂದೆ.
ಕಂಬಳಿ ಸರಿಸಿದ. ಬಿಸಿಲು ಕೆನ್ನೆಗೆ ಬಡಿಯಿತು.
‘ಬ್ಯಾಡ ಬಿಡ್ರಿ. ಬಂಡಿ ಗುರುತು ಹಿಡೀತಾರ ನಮ್ಮ ಹುಡುಗ್ರು.
ನಾಳಿಗೇ ಹೊಗಿ ಹಾಕ್ತಾರ.’
ಸ್ವಲ್ಪ ದೂರ ಹೋಗಿ ತಿರುಗಿ ಕೂಗಿದ:
‘ಆ ದಾರ ನಮ್ಮ ಗಂಗಿ ಕಟ್ಟಿದ್ದು.
ಆಕಿಗೆ ಹೇಳಬ್ಯಾಡ್ರಿ!’
ಗಂಗಿ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟುಡಿಯೋದಲ್ಲಿ ಸಂಜೆ ಪಾಸ್‌ಪೋರ್ಟ್ ಸೈಜು,
ಕಣ್ಣು ಮುಚ್ಚಬ್ಯಾಡ್ರಿ, ಗದ್ದ ಸ್ವಲ್ಪ ಮ್ಯಾಲ.
ಪಕ್ಕದ ಜೆರಾಕ್ಸಿನ ಮೆಹಬೂಬ ಇಣುಕಿ
ಏನು ಸಿಕ್ತಪಾ ಅಡವ್ಯಾಗ, ಎಂದ.
ಟಿಟ್ಟಿಭ ತೋರಿಸಿದೆ.
ಚಂದ ಐತಿ ಎಂದ, ಸುಳ್ಳೇ.

ಹನ್ನೊಂದನ್ನೂ ಅಳಿಸಲು ಹೋಗಿ ಆಗಲಿಲ್ಲ.
‘ಕಾರಟಗಿ ಮದುವೆ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೇನೆ;
ಹಣ ಕೊಟ್ಟು ಹೋದ ಮೇಲೆ
ಅದನ್ನು ಯಾರೂ ತೆರೆಯುವುದಿಲ್ಲ.
ಎಂಟುನೂರು ನಗೆಯ ನಡುವೆ ಎಲ್ಲೋ
ಒಂದು ತುಂಬಿದ ಬಾಯಿ,
ಒಂದೆಳೆ ನೀಲಿ.